ಕರೆದರೂ ತಿರುಗದ ಮಗು: ನೆರವು ಎಲ್ಲಿದೆ, ಯಾರಿಂದ?



ಆಟಿಸಂ ಇರುವ ಮಕ್ಕಳ ವಿಷಯವನ್ನು ತಂದೆತಾಯಿಗಳಿಗೂ ಶಿಕ್ಷಕರಿಗೂ ಹೇಳುವುದು ವಾಡಿಕೆ. ಈ ಸಲ ಅದನ್ನು ನಿಮ್ಮೊಡನೆ ಮಾತನಾಡುತ್ತಿದ್ದೇನೆ. ಕಾರಣ ಸರಳವಾದದ್ದು. ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆಯಂಥ ಕೈಗಾರಿಕಾ ಪ್ರದೇಶದಲ್ಲಿ ಆಸ್ಪತ್ರೆಯ ಚೀಟಿಯನ್ನು ಓದಿ ಹೇಳುವವರು ಯಾರು? ಅರ್ಜಿ ತುಂಬುವವರು ಯಾರು? ಅಪ್ಪ ಒಂದು ಪಾಳಿಯಲ್ಲಿ, ಅಮ್ಮ ಇನ್ನೊಂದು ಪಾಳಿಯಲ್ಲಿ ದುಡಿಯುವಾಗ ಚಿಕ್ಕ ತಮ್ಮನ ಕೈಹಿಡಿದು ಅಂಗನವಾಡಿಗೆ ಬಿಡುವವರು ಯಾರು? ಬಹಳ ಮನೆಗಳಲ್ಲಿ ಒಂಬತ್ತನೆಯ ತರಗತಿಯ ಅಕ್ಕ, ಇಲ್ಲವೇ ಪಿ.ಯು.ಸಿ. ಓದುವ ಅಣ್ಣ. ನಿಮ್ಮಲ್ಲಿ ಕೆಲವರು ನಾಳೆ ಶಿಕ್ಷಕರೂ ಆಗುತ್ತೀರಿ. ಆದ್ದರಿಂದ ಈ ಮಾತು ನಿಮಗೇ ಸಲ್ಲಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಈ ಲೆಕ್ಕವನ್ನು ನಿಮ್ಮ ಶಾಲೆಯ ಹಾಜರಿ ಪುಸ್ತಕದ ಪಕ್ಕದಲ್ಲಿಟ್ಟು ನೋಡಿ. 300 ಮಕ್ಕಳ ಶಾಲೆಯಲ್ಲಿ ಇಬ್ಬರು ಅಥವಾ ಮೂವರು ಇರಬೇಕು. ನಿಮಗೆ ಅಂಥವರು ಕಂಡಿಲ್ಲವೆಂದರೆ, ಅವರನ್ನು 'ತುಂಟ', 'ಮೊಂಡ', 'ಮೂಗ' ಎಂದು ಬೇರೆ ಹೆಸರಿನಿಂದ ಕರೆದಿರಬಹುದು. ಅಥವಾ ಅವರು ಶಾಲೆಗೇ ಬಂದಿರಲಾರರು. ಹುಡುಗಿಯರ ಸಂಗತಿ ಇನ್ನೂ ಕಷ್ಟ. ಸುಮ್ಮನೆ ಮೂಲೆಯಲ್ಲಿ ಕೂರುವ ಹುಡುಗಿಯನ್ನು ನಾವು 'ಸಾಧು' ಎಂದು ಹೊಗಳಿ ಮುಂದೆ ಹೋಗಿಬಿಡುತ್ತೇವೆ.

ಮೊದಲು ಲಕ್ಷಣಗಳನ್ನು ನೋಡೋಣ. ನಮ್ಮ ಮನೆಗಳಲ್ಲಿ ಮಗುವಿಗೆ ತುತ್ತು ತಿನ್ನಿಸುವಾಗ ಅಂಗಳಕ್ಕೆ ಕರೆತಂದು ಚಂದಮಾಮನನ್ನು ತೋರಿಸುವುದುಂಟು. ಅಲ್ಲಿ ಒಂದು ಸೂಕ್ಷ್ಮ ನಡೆಯುತ್ತದೆ. ಒಂದೂವರೆ ವರ್ಷದ ಮಗು ಮೊದಲು ಅಜ್ಜಿಯ ಬೆರಳನ್ನು ನೋಡಿ, ಬೆರಳು ತೋರಿದ ಕಡೆಗೆ ಚಂದ್ರನನ್ನು ನೋಡಿ, ಮತ್ತೆ ತಿರುಗಿ ಅಜ್ಜಿಯ ಮುಖ ನೋಡಿ ನಗುತ್ತದೆ. 'ನೀನು ನೋಡಿದ್ದನ್ನೇ ನಾನೂ ನೋಡಿದೆ' ಎಂದು ಹೇಳುವ ನಗು ಅದು. ಮನೋವಿಜ್ಞಾನಿಗಳು ಇದನ್ನು ಹಂಚಿಕೊಂಡ ಗಮನ ಎನ್ನುತ್ತಾರೆ. ಮಾತು ಹುಟ್ಟುವುದು ಈ ನೆಲದಲ್ಲಿ. ಆಟಿಸಂ ಇರುವ ಮಗುವಿನಲ್ಲಿ ಈ ಮೂರು ಹೆಜ್ಜೆಯ ಆಟ ತಡವಾಗಿ ಬರುತ್ತದೆ, ಅಥವಾ ಬೇರೆ ರೀತಿಯಲ್ಲಿ ಬರುತ್ತದೆ. ಮಗು ಬೆರಳನ್ನೇ ನೋಡುತ್ತಿರಬಹುದು. ಬೇಕಾದ ವಸ್ತುವನ್ನು ತೋರಿಸುವ ಬದಲು ನಿಮ್ಮ ಕೈಯನ್ನೇ ಹಿಡಿದೆಳೆದು ಅದರ ಮೇಲೆ ಇಡಬಹುದು.

ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿರುವುದು, 16 ತಿಂಗಳಾದರೂ ಒಂದು ಮಾತೂ ಬಾರದಿರುವುದು, ಎರಡು ವರ್ಷವಾದರೂ 'ಅಮ್ಮ ಬಾ' ಎಂಬಂತೆ ಎರಡು ಪದ ಕೂಡಿಸದಿರುವುದು, ಇವು ಗಮನಿಸಬೇಕಾದ ಸಂಗತಿಗಳು. ಬಂದಿದ್ದ ಮಾತು ಯಾವ ವಯಸ್ಸಿನಲ್ಲಿ ನಿಂತುಹೋದರೂ ತಡಮಾಡಬಾರದು. ಇವುಗಳ ಜೊತೆಗೆ ಆಟಿಕೆ ಲಾರಿಯನ್ನು ಓಡಿಸದೆ ಅದರ ಚಕ್ರವನ್ನಷ್ಟೇ ಗಂಟೆಗಟ್ಟಲೆ ತಿರುಗಿಸುವುದು, ಕೈ ಬಡಿಯುವುದು, ದಾರಿ ಸ್ವಲ್ಪ ಬದಲಾದರೆ ನೆಲಕ್ಕೆ ಬಿದ್ದು ಅಳುವುದು, ಬಿಳಿ ಅನ್ನ ಬಿಟ್ಟರೆ ಸೊಪ್ಪಿನ ಸಾರು, ಮುದ್ದೆ ಯಾವುದನ್ನೂ ಬಾಯಿಗೆ ಬಿಡದಿರುವುದು ಇರಬಹುದು. ಇವುಗಳಲ್ಲಿ ಒಂದೆರಡು ಎಲ್ಲ ಮಕ್ಕಳಲ್ಲೂ ಕಾಣುತ್ತವೆ. ಹಲವು ಒಟ್ಟಿಗೆ ಕಂಡು, ಬಿಡದೆ ಮುಂದುವರಿದರೆ ತಜ್ಞರಿಗೆ ತೋರಿಸಬೇಕಾಗುತ್ತದೆ.

ಇಲ್ಲಿ ಮನೆಯ ಹಿರಿಯರು ಅಡ್ಡ ಬರುತ್ತಾರೆ. "ಅವರಪ್ಪನೂ ನಾಕು ವರ್ಷಕ್ಕೇ ಮಾತಾಡಿದ್ದು, ಸುಮ್ನಿರಮ್ಮ" ಎನ್ನುವ ಮಾತನ್ನು ಹೊಸಕೋಟೆ ಸುತ್ತಮುತ್ತ ಚಿತ್ರೀಕರಣಕ್ಕೆ ಹೋದಲ್ಲೆಲ್ಲ ಕೇಳಿದ್ದೇನೆ. ಬಜೆ ತೇಯ್ದು ನಾಲಿಗೆಗೆ ಸವರುತ್ತಾರೆ, ದೃಷ್ಟಿ ತೆಗೆಯುತ್ತಾರೆ, ಯಂತ್ರ ಕಟ್ಟಿಸುತ್ತಾರೆ. ಅಜ್ಜಿಯ ಪ್ರೀತಿಯ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಆಟಿಸಂ ನಾಲಿಗೆಯ ತೊಂದರೆಯಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ, ಹುಟ್ಟುವ ಮೊದಲೇ, ಇರುವ ವ್ಯತ್ಯಾಸ ಅದು. ಮಿದುಳು ಅತಿ ಬೇಗ ಕಲಿಯುವ ಮೊದಲ ಐದು ವರ್ಷಗಳು ಈ ಕಾಯುವಿಕೆಯಲ್ಲೇ ಕಳೆದುಹೋಗುವುದು ನಿಜವಾದ ನಷ್ಟ.

ಕನ್ನಡದಲ್ಲಿ ಇದಕ್ಕೆ 'ಸ್ವಲೀನತೆ' ಎಂಬ ಪದ ಬಳಕೆಯಲ್ಲಿದೆ. ತನ್ನಲ್ಲೇ ಲೀನವಾಗಿರುವುದು ಎಂದು ಅರ್ಥ. ಗ್ರೀಕ್ ಭಾಷೆಯ 'ತಾನು' ಎಂಬ ಪದದಿಂದ ಹುಟ್ಟಿದ ಆಟಿಸಂ ಶಬ್ದಕ್ಕೆ ಇದು ಸರಿಯಾದ ಅನುವಾದವೇ. ಆದರೂ ನನಗೆ ಈ ಪದದ ಮೇಲೆ ಸ್ವಲ್ಪ ಅನುಮಾನ. ಧ್ಯಾನದಲ್ಲಿರುವ ಮುನಿಯಂತೆ ಮಗು ನಮ್ಮನ್ನು ಬಿಟ್ಟು ಎಲ್ಲೋ ಇದೆ ಎಂಬ ಚಿತ್ರವನ್ನು ಅದು ಕೊಡುತ್ತದೆ. ಮಗು ಇಲ್ಲೇ ಇದೆ, ಎಲ್ಲವನ್ನೂ ನೋಡುತ್ತಿದೆ, ಕೆಲವನ್ನು ನಮಗಿಂತ ಹೆಚ್ಚಾಗಿಯೇ ಕೇಳಿಸಿಕೊಳ್ಳುತ್ತಿದೆ. ಈಗ ವೈದ್ಯರು ಇದನ್ನು ವರ್ಣಪಟಲ, ಅಂದರೆ ಸ್ಪೆಕ್ಟ್ರಂ, ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ಪಟ್ಟಕದ ಮೂಲಕ ಬೆಳಕು ಹಾಯಿಸಿದ್ದೀರಲ್ಲ, ಅಲ್ಲಿ ಕೆಂಪು ಕಡಿಮೆ ಬಣ್ಣ, ನೇರಳೆ ಹೆಚ್ಚು ಬಣ್ಣ ಎಂದಿಲ್ಲ. ಹಾಗೆಯೇ ಒಂದು ಮಗುವಿಗೆ ಮಾತಿಲ್ಲದೆ ಲೆಕ್ಕ ಬರಬಹುದು. ಇನ್ನೊಂದಕ್ಕೆ ಮಾತು ಧಾರಾಳವಾಗಿದ್ದರೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬರದಿರಬಹುದು.

1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ವರ್ಣಿಸಿ ಬರೆದ ಲೇಖನದಿಂದ ಈ ಹೆಸರು ಪ್ರಸಿದ್ಧವಾಯಿತು. ಆಮೇಲಿನ ಎರಡು ಮೂರು ದಶಕಗಳಲ್ಲಿ ನಡೆದದ್ದನ್ನು ನೀವು ತಿಳಿದಿರಬೇಕು. ತಾಯಿಯ ಮನಸ್ಸು ತಣ್ಣಗಿರುವುದರಿಂದಲೇ ಮಗು ಹೀಗಾಗುತ್ತದೆ ಎಂಬ ವಾದ ಹುಟ್ಟಿತು. ಶಿಕಾಗೋದ ಬ್ರೂನೋ ಬೆಟಲ್‌ಹೈಂ 1967ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಬರೆದು ಅದನ್ನು ಹರಡಿದ. ಮಗುವಿನ ಕಷ್ಟದ ಮೇಲೆ ತಾಯಿಗೆ ಅಪವಾದದ ಹೊರೆ. ಇದನ್ನು ಎದುರಿಸಿದವರಲ್ಲಿ ಮೊದಲಿಗ ಬರ್ನಾರ್ಡ್ ರಿಮ್ಲೆಂಡ್. ಅವನು ಮನೋವಿಜ್ಞಾನಿ, ಮೇಲಾಗಿ ಆಟಿಸಂ ಇದ್ದ ಹುಡುಗನ ತಂದೆ. 1964ರಲ್ಲೇ ತನ್ನ ಪುಸ್ತಕದಲ್ಲಿ ಇದು ಮಿದುಳಿಗೆ ಸಂಬಂಧಿಸಿದ್ದು ಎಂದು ವಾದಿಸಿದ್ದ. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟರ್ ಅವಳಿ ಮಕ್ಕಳನ್ನು ಪರೀಕ್ಷಿಸಿ ಅನುವಂಶೀಯತೆಯ ಪಾತ್ರವನ್ನು ತೋರಿಸಿದರು. ವಿಜ್ಞಾನದಲ್ಲಿ ಆ ಆರೋಪ ಸತ್ತಿತು, ನಮ್ಮ ಬೀದಿಗಳಲ್ಲಿ ಇನ್ನೂ ಉಸಿರಾಡುತ್ತಿದೆ. 'ಮಗು ಬಿಟ್ಟು ಕೆಲಸಕ್ಕೆ ಹೋದಳು, ಅದಕ್ಕೇ' ಎನ್ನುತ್ತಾರೆ. 'ಟಿ.ವಿ. ಮುಂದೆ ಕೂರಿಸಿದಳು, ಅದಕ್ಕೇ' ಎನ್ನುತ್ತಾರೆ. ನನ್ನ ವೃತ್ತಿಯನ್ನು ಕಾಪಾಡಿಕೊಳ್ಳಲು ಹೇಳುತ್ತಿಲ್ಲ: ಟಿ.ವಿ.ಯಿಂದ ಆಟಿಸಂ ಬರುತ್ತದೆ ಎಂಬುದು ಸಿದ್ಧವಾಗಿಲ್ಲ. ಆದರೆ ಎರಡು ವರ್ಷದೊಳಗಿನ ಮಗುವಿಗೆ ಟಿ.ವಿ., ಮೊಬೈಲು ಯಾವ ತೆರೆಯೂ ಬೇಡ, ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವುದನ್ನೂ ಮರೆಮಾಚಲಾರೆ. ತೆರೆಯ ಮುಂದೆ ಕಳೆದ ಹೊತ್ತು ಮನುಷ್ಯರೊಡನೆ ಆಡುವ ಹೊತ್ತಿನಿಂದ ಕಡಿತವಾಗುತ್ತದಲ್ಲ.

ಇರಲಿ, ಈಗ ನೆರವಿನ ಬಾಗಿಲುಗಳ ಕಡೆಗೆ ಬರೋಣ. ಪಿಲ್ಲಗುಂಪೆಯಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಸುಮಾರು 30 ಕಿಲೋಮೀಟರು. ದೂರವೇನಲ್ಲ ಅನ್ನಿಸಬಹುದು. ಆದರೆ ದಿನಗೂಲಿಯವರಿಗೆ ಆ ಪ್ರಯಾಣವೆಂದರೆ ಒಂದು ದಿನದ ಸಂಬಳ ಹೋಯಿತೆಂದೇ ಲೆಕ್ಕ. ಬಸ್ಸಿನ ಗದ್ದಲದಲ್ಲಿ ಕಿರುಚುವ ಮಗು, ತಿರುಗಿ ನೋಡುವ ಜನ ಬೇರೆ. ಎರಡು ಸಲ ಹೋಗಿ ಮೂರನೆಯ ಸಲ ಬಿಟ್ಟುಬಿಡುವವರನ್ನು ನಾನು ದೂರಲಾರೆ. ಆದ್ದರಿಂದ ಮೊದಲು ಹತ್ತಿರದ್ದನ್ನು ತಿಳಿದುಕೊಳ್ಳಬೇಕು.

ಅತ್ಯಂತ ಹತ್ತಿರದ್ದು ನಿಮ್ಮ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲೇ ಇದೆ. ಲಸಿಕೆ ಗುರುತು ಹಾಕುವ ತಾಯಿ ಕಾರ್ಡು. ಯಾವ ವಯಸ್ಸಿಗೆ ಮಗು ಏನು ಮಾಡಬೇಕೆಂಬ ಪಟ್ಟಿ ಅದರಲ್ಲಿ ಅಚ್ಚಾಗಿರುತ್ತದೆ, ಓದುವವರೇ ಇಲ್ಲ. ನೀವು ಓದಿ. ಎರಡನೆಯದು ಅಂಗನವಾಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕು. ಅವರ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ. ಆ ದಿನ 'ಗಲಾಟೆ ಮಾಡುತ್ತಾನೆ' ಎಂದು ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳುವ ತಾಯಂದಿರಿದ್ದಾರೆ. ಕರೆದುಕೊಂಡು ಹೋಗಬೇಕಾದ ದಿನವೇ ಅದು. ತಂಡದವರು ಸಂದೇಹಪಟ್ಟ ಮಕ್ಕಳನ್ನು ಜಿಲ್ಲಾ ಮಟ್ಟದ ಡಿ.ಇ.ಐ.ಸಿ. ಎಂಬ ಕೇಂದ್ರಕ್ಕೆ ಕಳಿಸುತ್ತಾರೆ. ಮೂರನೆಯವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಜನ ವಿ.ಆರ್.ಡಬ್ಲ್ಯೂ. ಎಂದೇ ಕರೆಯುತ್ತಾರೆ. ಇವರಲ್ಲಿ ಹೆಚ್ಚಿನವರು ತಾವೇ ವಿಕಲಚೇತನರು. ಯಾವ ಕಾಗದ ಯಾವ ಕಚೇರಿಗೆ ಎಂಬುದು ಇವರಿಗೆ ಗೊತ್ತಿರುವಷ್ಟು ನನ್ನಂಥವರಿಗೆ ಗೊತ್ತಿಲ್ಲ.

ದೊಡ್ಡ ಆಸ್ಪತ್ರೆಗೆ ಹೋದಾಗ ಮೊದಲು ಕಿವಿಯ ಪರೀಕ್ಷೆ ಮಾಡಿಸುತ್ತಾರೆ. ಕರೆದರೆ ತಿರುಗದ ಮಗುವಿಗೆ ಕಿವಿ ಕೇಳಿಸದೆಯೂ ಇರಬಹುದಷ್ಟೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1965ರಲ್ಲಿ ಆರಂಭವಾದದ್ದು, ಈ ಎರಡನ್ನೂ ಒಂದೇ ಸೂರಿನಡಿ ನೋಡುತ್ತದೆ. ಅಲ್ಲಿನ ಶಾಲಾಪೂರ್ವ ಕೇಂದ್ರದಲ್ಲಿ ತಾಯಂದಿರೇ ತರಬೇತಿ ಪಡೆದು ಕಲಿಸುವ ಪದ್ಧತಿಯಿದೆ; ದೂರದ ಊರಿನವರಿಗೆ ದೂರಸಂಪರ್ಕದ ಮೂಲಕ ಮಾರ್ಗದರ್ಶನ ಕೊಡುವ ಏರ್ಪಾಡೂ ಇದೆ. ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದಲ್ಲಿ ಅಗತ್ಯವಿದ್ದರೆ ತಾಯಿ ಅಥವಾ ತಂದೆಯನ್ನು ಮಗುವಿನ ಜೊತೆಗೇ ಇರಿಸಿಕೊಂಡು ಕಲಿಸುತ್ತಾರೆ. ಬಿ.ಪಿ.ಎಲ್. ಕಾರ್ಡು ಮರೆಯದೆ ಒಯ್ಯಬೇಕು, ರಿಯಾಯಿತಿಯುಂಟು. ಬೆಂಗಳೂರಿನಲ್ಲಿ ಖಾಸಗಿ ನೆಲೆಯಲ್ಲೂ ಒಳ್ಳೆಯ ಕೆಲಸ ನಡೆದಿದೆ. ವಾಕ್ ತಜ್ಞೆ ಪ್ರತಿಭಾ ಕಾರಂತ ಅವರು ಕಟ್ಟಿದ ಕಾಮ್ ಡೀಲ್ ಎಂಬ ಚಿಕ್ಕಮಕ್ಕಳ ಕಾರ್ಯಕ್ರಮ ಒಂದು. ಆಶಾ ಎಂದು ಕರೆಯಲಾಗುವ ಅಕಾಡೆಮಿ ಫಾರ್ ಸಿವಿಯರ್ ಹ್ಯಾಂಡಿಕ್ಯಾಪ್ಸ್ ಅಂಡ್ ಆಟಿಸಂ ಇನ್ನೊಂದು. ದೆಹಲಿಯಲ್ಲಿ ಆಟಿಸಂ ಇದ್ದ ಹುಡುಗನ ತಾಯಿ ಮೇರಿ ಬರುವಾ 1991ರಲ್ಲಿ ಆರಂಭಿಸಿದ ಆಕ್ಷನ್ ಫಾರ್ ಆಟಿಸಂ ಸಂಸ್ಥೆಯಿಂದ ದೇಶದ ಎಷ್ಟೋ ಪೋಷಕರು ಕಲಿತಿದ್ದಾರೆ.

ನೀವು ಕೇಳಬಹುದು: ಇಷ್ಟೆಲ್ಲ ತಜ್ಞರಿದ್ದ ಮೇಲೆ ಮನೆಯವರ ಪಾಲೇನು? ಇದಕ್ಕೆ ನನಗೆ ಬಹಳ ಹಿಡಿಸಿದ ಒಂದು ಪ್ರಯೋಗವನ್ನು ಹೇಳುತ್ತೇನೆ. ನನ್ನ ಕಸುಬಿಗೂ ಅದಕ್ಕೂ ನಂಟಿದೆ.

ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿ, ಈ ಎರಡು ಕಡೆ 65 ಮಕ್ಕಳ ಮೇಲೆ ನಡೆದ ಅಧ್ಯಯನವದು; 2016ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಮನೆಮನೆಗೆ ಹೋದವರು ವೈದ್ಯರಲ್ಲ. ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ತಾಯಿ ಮಗು ಆಡುವುದನ್ನು ಕೆಲವು ನಿಮಿಷ ವಿಡಿಯೋ ತೆಗೆಯುವುದು, ಆಮೇಲೆ ಕಾರ್ಯಕರ್ತೆ ಮತ್ತು ತಾಯಿ ಒಟ್ಟಿಗೆ ಕೂತು ಅದನ್ನು ನೋಡುವುದು. 'ಇಲ್ಲಿ ನಿಲ್ಲಿಸಿ. ಮಗು ಈಗ ಲೋಟ ನೋಡಿತು, ನೀವು ಏನು ಮಾಡಿದಿರಿ?' ಎಂದು ಕೇಳುವುದು. ಒಟ್ಟು 12 ಭೇಟಿ. ತಾಯಿ ತನ್ನ ಆಟವನ್ನು ಮಗುವಿನ ಮೇಲೆ ಹೇರುವುದು ಕಡಿಮೆಯಾಗಿ, ಮಗು ನೋಡಿದ್ದನ್ನೇ ತಾನೂ ನೋಡಿ ಮಾತು ಕೊಡುವುದು ಹೆಚ್ಚಾಯಿತು. ಮಗುವೂ ತಾನಾಗಿ ತಾಯಿಯ ಕಡೆ ಬರುವುದು ಹೆಚ್ಚಾಯಿತು. ಎಲ್ಲ ಅಳತೆಗಳಲ್ಲೂ ಲಾಭವೇ ಕಂಡಿತೆಂದು ಅಲ್ಲ, ಇದರಿಂದ ಆಟಿಸಂ ವಾಸಿಯಾಗುವುದೂ ಇಲ್ಲ. ಆದರೆ ಸಂಕಲನದ ಮೇಜಿನ ಮುಂದೆ ವರ್ಷಗಟ್ಟಲೆ ಕೂತ ನನಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. ಚಿತ್ರೀಕರಣದ ಹೊತ್ತಿನಲ್ಲಿ ಯಾರಿಗೂ ಕಾಣದ ಅರೆಕ್ಷಣದ ನೋಟ, ನಿಧಾನಗತಿಯಲ್ಲಿ ಓಡಿಸಿದಾಗ ಎದ್ದು ಕಾಣುತ್ತದೆ. 'ನಮ್ಮುಡ್ಗ ನನ್ ಮುಖಾನೇ ನೋಡಲ್ಲ' ಎಂದ ತಾಯಿಗೆ, ಅವನು ನೋಡಿದ ಆ ಅರ್ಧ ಸೆಕೆಂಡನ್ನು ತೋರಿಸಬಹುದು.

ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಪ್ರತಿದಿನದ ಆಟವನ್ನು ಎರಡು ಮೂರು ನಿಮಿಷ ಸೆರೆಹಿಡಿಯಿರಿ. ಮಗು ಸಮಾಧಾನವಾಗಿರುವಾಗ ಒಂದು, ಕಷ್ಟಪಡುವಾಗ ಒಂದು. ವೈದ್ಯರ ಕೊಠಡಿಯಲ್ಲಿ ಹತ್ತು ನಿಮಿಷಕ್ಕೆ ಕಾಣದ್ದು ಅದರಲ್ಲಿ ಕಾಣುತ್ತದೆ. ಆದರೆ ಒಂದು ಕಟ್ಟುನಿಟ್ಟು. ಅದು ವೈದ್ಯರಿಗೆ, ಮನೆಯವರಿಗೆ. ಅಳುವ ಮಗುವಿನ ಚಿತ್ರವನ್ನು ಊರವರ ಫೋನುಗಳಿಗೆ ಹಂಚಬಾರದು. ನಾವು ವಾಹಿನಿಯವರೂ ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಮುಖ ತೋರಿಸುವಂತಿಲ್ಲ. ನಿಮಗೆ ಆ ನಿಯಮ ಯಾಕಿರಬಾರದು?

ಭಾಷೆಯ ಮಾತು ನಮ್ಮ ಭಾಗಕ್ಕೆ ವಿಶೇಷವಾಗಿ ಸಲ್ಲುತ್ತದೆ. ಹೊಸಕೋಟೆ ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕಾನ್ವೆಂಟಿನಲ್ಲಿ ಇಂಗ್ಲಿಷು. ಕಾರ್ಖಾನೆ ಕೆಲಸಕ್ಕೆ ಬಂದ ಕುಟುಂಬಗಳಲ್ಲಿ ಹಿಂದಿ, ಒಡಿಯಾ ಇರಬಹುದು. ಮಾತು ತಡವಾದ ಮಗುವಿಗೆ 'ಒಂದೇ ಭಾಷೆ ಮಾತಾಡಿ, ಇಂಗ್ಲಿಷೇ ಮಾತಾಡಿ' ಎಂದು ಸಲಹೆ ಕೊಡುವವರಿದ್ದಾರೆ. ಇಂಗ್ಲಿಷ್ ಬಾರದ ತಾಯಿ ಆ ಸಲಹೆ ನಂಬಿದರೆ ಏನಾಗುತ್ತದೆ? 'ಕಮ್', 'ಸಿಟ್', 'ಈಟ್' ಎಂಬ ಮೂರು ಅಪ್ಪಣೆಗಳಷ್ಟೇ ಉಳಿದು, ಲಾಲಿ, ಮುದ್ದು, ಬೈಗುಳ, ಕತೆ ಎಲ್ಲ ನಿಂತುಹೋಗುತ್ತವೆ. ಎರಡು ಭಾಷೆ ಕೇಳಿ ಬೆಳೆದ ಆಟಿಸಂ ಮಕ್ಕಳು ಒಂದೇ ಭಾಷೆಯ ಮಕ್ಕಳಿಗಿಂತ ಹಿಂದೆ ಬೀಳುವುದಿಲ್ಲವೆಂದು ಕೆನಡಾ ಮೊದಲಾದ ಕಡೆಯ ಅಧ್ಯಯನಗಳು ತೋರಿಸಿವೆ. ಆದ್ದರಿಂದ ತಾಯಿ ತನಗೆ ಹೃದಯದಿಂದ ಬರುವ ಭಾಷೆಯನ್ನೇ ಆಡಲಿ. ವಾಕ್ಯ ಮಾತ್ರ ಚಿಕ್ಕದಿರಲಿ. ಹೇಳಿದ ಮೇಲೆ ಕಾಯಬೇಕು, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಪ್ರಸಾರದ ಕೆಲಸದಲ್ಲಿ ಐದು ಸೆಕೆಂಡು ಮೌನವಾದರೆ ಮೇಲಧಿಕಾರಿಯ ಫೋನು ಬರುತ್ತದೆ. ಈ ಮಕ್ಕಳ ಜೊತೆ ಕೂತಾಗ ಆ ಅಭ್ಯಾಸವನ್ನು ಬಿಡುವುದು ನನಗೆ ಕಷ್ಟವಾಯಿತು.

ಕೆಲವು ಮಕ್ಕಳು ಕೇಳಿದ್ದನ್ನೇ ಮರುನುಡಿಯುತ್ತಾರೆ. 'ನೀರು ಬೇಕಾ?' ಎಂದು ಮಗುವೇ ನಿಮ್ಮನ್ನು ಕೇಳಿದರೆ ಅದಕ್ಕೆ ನೀರು ಬೇಕು ಎಂದರ್ಥ. ಟಿ.ವಿ. ಜಾಹೀರಾತಿನ ಸಾಲನ್ನು ಹೇಳಿದರೂ ಅದರ ಹಿಂದೊಂದು ಉದ್ದೇಶವಿರುತ್ತದೆ. ಗೇಲಿ ಮಾಡದೆ ಅದೇನೆಂದು ಹುಡುಕಬೇಕು.

ಮಾತಿಗೆ ಮುಂಚೆ ಚಿತ್ರ. ಒಂದು ಕಾರ್ಯಕ್ರಮ ಮಾಡುವ ಮೊದಲು ನಾವು ದೃಶ್ಯಗಳನ್ನು ಸಾಲಾಗಿ ಚಿತ್ರಿಸಿಕೊಳ್ಳುತ್ತೇವೆ. ಯಾವುದರ ನಂತರ ಯಾವುದು ಎಂದು ಎಲ್ಲರಿಗೂ ಗೊತ್ತಿದ್ದರೆ ಸ್ಟುಡಿಯೋದಲ್ಲಿ ಗಲಿಬಿಲಿಯಿಲ್ಲ. ಆಟಿಸಂ ಇರುವ ಮಗುವಿಗೆ ದಿನವನ್ನೂ ಹೀಗೆಯೇ ಸಾಲುಮಾಡಿ ತೋರಿಸಬೇಕು. ಅಮೆರಿಕದ ಉತ್ತರ ಕರೊಲೈನಾದಲ್ಲಿ ಎರಿಕ್ ಶಾಪ್ಲರ್ 1972ರಲ್ಲಿ ಸ್ಥಾಪಿಸಿದ ಟೀಚ್ ಎಂಬ ಕಾರ್ಯಕ್ರಮ ಇಂಥ ಪದ್ಧತಿಯನ್ನು ಹರಡಿತು. ಪೋಷಕರನ್ನು ಸಹಶಿಕ್ಷಕರೆಂದೇ ಅದು ಕಂಡಿತು. ಇದಕ್ಕೆ ವಿದೇಶದ ಸಾಮಾನು ಬೇಡ. ಪಿಲ್ಲಗುಂಪೆಯಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಬರವಿಲ್ಲ. ರಟ್ಟನ್ನು ಇಸ್ಪೀಟೆಲೆಯಷ್ಟು ದೊಡ್ಡದಾಗಿ ಕತ್ತರಿಸಿ ಹಲ್ಲುಜ್ಜುವುದು, ತಿಂಡಿ, ಚಪ್ಪಲಿ, ಶಾಲೆ, ಊಟ ಎಂದು ಒಂದೊಂದಕ್ಕೂ ಫೋಟೋ ಅಂಟಿಸಿ ದಾರಕ್ಕೆ ಸಿಕ್ಕಿಸಿ. ಮುಗಿದದ್ದನ್ನು ತೆಗೆದು ಡಬ್ಬಿಗೆ ಹಾಕಲಿ. ಮಗುವಿನದೇ ತಟ್ಟೆ, ಮಗುವಿನದೇ ಚಪ್ಪಲಿಯ ಫೋಟೋ ಇದ್ದರೆ ಬೇಗ ಅರ್ಥವಾಗುತ್ತದೆ. ಚಿತ್ರ ಕೊಟ್ಟು ಬೇಕಾದ್ದನ್ನು ಪಡೆಯುವ ಇನ್ನೊಂದು ಕ್ರಮವನ್ನು 1985ರಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದರು. ಚಿತ್ರ ಕೊಟ್ಟರೆ ಮಗು ಮಾತನ್ನೇ ಬಿಟ್ಟುಬಿಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಇನ್ನು ಶಾಲೆ. ಈ ಮಾಲಿಕೆಗೆಂದು ಕಾರ್ಖಾನೆಗಳ ಮಗ್ಗುಲಿನ ಒಂದು ಶಾಲೆಯಲ್ಲಿ ಧ್ವನಿ ಮುದ್ರಿಸಿದ್ದೆವು. ಸ್ಟುಡಿಯೋಗೆ ಬಂದು ಕೇಳಿದರೆ, ಮೇಡಂ ಹೇಳಿದ ಪಾಠದಷ್ಟೇ ಜೋರಾಗಿ ಫ್ಯಾನಿನ ಕಿರಕಿರ, ಬೆಂಚು ಎಳೆದ ಸದ್ದು, ಬಿಸಿಯೂಟದ ಕುಕ್ಕರಿನ ಕೂಗು, ಹಿಂದಕ್ಕೆ ಬರುತ್ತಿದ್ದ ಲಾರಿಯ ಪೀಂಪೀಂ! ಅಲ್ಲಿ ಕೂತಿದ್ದಾಗ ನಮಗಾರಿಗೂ ಇವು ಕೇಳಿಸಿರಲಿಲ್ಲ. ಮೈಕು ಆರಿಸುವುದಿಲ್ಲ, ಬಂದದ್ದನ್ನೆಲ್ಲ ಹಿಡಿಯುತ್ತದೆ; ಆರಿಸುವ ಕೆಲಸವನ್ನು ನಮ್ಮ ಮಿದುಳು ಸದ್ದಿಲ್ಲದೆ ಮಾಡುತ್ತಿರುತ್ತದೆ. ಆಟಿಸಂ ಇರುವ ಎಷ್ಟೋ ಜನರು ದೊಡ್ಡವರಾದ ಮೇಲೆ ಬರೆದಿರುವುದನ್ನು ಓದಿದರೆ, ಅವರ ಬಾಲ್ಯ ಸ್ವಲ್ಪಮಟ್ಟಿಗೆ ಆ ಮೈಕಿನಂತೆ ಇತ್ತೆಂದು ತೋರುತ್ತದೆ. ಕಿವಿ ಮುಚ್ಚಿಕೊಂಡು ಓಡುವ ಹುಡುಗನನ್ನು ಹೊಡೆದು ಕೂರಿಸುವ ಮೊದಲು ಅವನ ಜಾಗವನ್ನು ಕಿಟಕಿಯಿಂದ, ಅಡುಗೆಮನೆಯಿಂದ ದೂರಕ್ಕೆ ಬದಲಿಸಿ ನೋಡಬೇಕು. ಗಂಟೆ ಬಾರಿಸುವ ಮೊದಲು ಅವನಿಗೊಂದು ಸನ್ನೆ ಮಾಡಬೇಕು. ಇದಕ್ಕೆ ಅನುದಾನದ ಅಗತ್ಯವಿಲ್ಲ.

ಶಿಕ್ಷಕರು ಒಬ್ಬರೇ ಹೆಣಗಬೇಕಾಗಿಯೂ ಇಲ್ಲ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಬಿ.ಐ.ಇ.ಆರ್.ಟಿ. ಎಂಬ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಮುಖ್ಯೋಪಾಧ್ಯಾಯರು ಪತ್ರ ಬರೆದು ಕರೆಸಿಕೊಳ್ಳಬಹುದು. 'ಈ ಮಗುವಿಗೆ ನಮ್ಮಲ್ಲಿ ಜಾಗವಿಲ್ಲ' ಎಂದು ಕಳಿಸಿಬಿಡಲು ಕಾನೂನು ಒಪ್ಪುವುದಿಲ್ಲ. 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 2016ರ ಹೊಸ ಕಾಯಿದೆ 21 ಬಗೆಯ ವೈಕಲ್ಯಗಳಲ್ಲಿ ಅದನ್ನೂ ಸೇರಿಸಿತು. ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ, ಇಲ್ಲವೇ ಅವರೇ ಆರಿಸಿಕೊಂಡ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಮುಂತಾದ ರಿಯಾಯಿತಿಗಳನ್ನು ಮೊದಲೇ ಅರ್ಜಿ ಹಾಕಿ ಪಡೆಯಬಹುದು.

ಇವಕ್ಕೆಲ್ಲ ಪ್ರಮಾಣಪತ್ರ ಬೇಕು. ಆಟಿಸಂ ಅಳೆಯಲು ನಮ್ಮ ದೇಶದಲ್ಲೇ ಸಿದ್ಧಪಡಿಸಿದ 40 ಅಂಶಗಳ ಒಂದು ಅಳತೆಪಟ್ಟಿಯಿದೆ. ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ವೈದ್ಯರು ತಾಯಿಯನ್ನು ಪ್ರಶ್ನಿಸಿ ತುಂಬುತ್ತಾರೆ. ಆಗ ಅಭಿಮಾನದಿಂದ 'ಎಲ್ಲ ಚೆನ್ನಾಗಿ ಮಾಡ್ತಾನೆ' ಎನ್ನದೆ ಇದ್ದದ್ದನ್ನು ಇದ್ದಂತೆ ಹೇಳಬೇಕು. ಯು.ಡಿ.ಐ.ಡಿ. ಎಂಬ ಗುರುತಿನ ಚೀಟಿಗೆ ಅರ್ಜಿಯನ್ನು ಅಂತರ್ಜಾಲದಲ್ಲಿ ಹಾಕಬೇಕು, ಇಲ್ಲಿ ನಿಮ್ಮ ಕೈ ಬೇಕಾಗುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಅಡಿಯಲ್ಲಿ 'ನಿರಾಮಯ' ಎಂಬ ಆರೋಗ್ಯ ವಿಮೆ ಒಂದು ಲಕ್ಷ ರೂಪಾಯಿವರೆಗೆ ಇದೆ. ಮಗುವಿಗೆ 18 ತುಂಬಿದ ಮೇಲೆ ಕಾನೂನಿನ ಕಣ್ಣಿಗೆ ತಂದೆತಾಯಿ ತಾನಾಗಿ ಪಾಲಕರಾಗಿ ಉಳಿಯುವುದಿಲ್ಲ. ಅಗತ್ಯವಿದ್ದರೆ ಅದೇ ಕಾಯಿದೆಯಂತೆ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು. ನಮ್ಮ ಜಿಲ್ಲೆಯವರಿಗೆ ಅದು ಬೀರಸಂದ್ರದ ಜಿಲ್ಲಾಡಳಿತ ಭವನ. ಹೊಸಕೋಟೆಯವರು ದೇವನಹಳ್ಳಿ ದಾಟಿ ಹೋಗಬೇಕು. 'ನಾವು ಹೋದ ಮೇಲೆ ಇವನನ್ನು ಯಾರು ನೋಡುತ್ತಾರೆ?' ಎಂಬ ಪ್ರಶ್ನೆಯನ್ನು ಈ ತಾಯಂದಿರೆಲ್ಲ ಕೇಳುತ್ತಾರೆ. ಪೂರ್ಣ ಉತ್ತರ ಕಾಯಿದೆಯಲ್ಲೂ ಇಲ್ಲ.

ಮೋಸದ ಬಗ್ಗೆ ಎರಡು ಮಾತು. 'ಆರು ತಿಂಗಳಲ್ಲಿ ಗ್ಯಾರಂಟಿ' ಎನ್ನುವವರನ್ನು ನಂಬಬೇಡಿ. ಆಟಿಸಂ ಅನ್ನೇ ತೆಗೆದುಹಾಕುವ ಔಷಧಿಯಿಲ್ಲ. ಜೊತೆಗೆ ಬರುವ ಮೂರ್ಛೆ, ನಿದ್ರಾಹೀನತೆ ಇವಕ್ಕೆ ಔಷಧಿಯುಂಟು, ವೈದ್ಯರು ಕೊಡುತ್ತಾರೆ. ಲಕ್ಷಗಟ್ಟಲೆ ಕೇಳುವ ಸ್ಟೆಮ್ ಸೆಲ್ ಚಿಕಿತ್ಸೆ ಆಟಿಸಂಗೆ ಫಲಕಾರಿಯೆಂದು ಸಿದ್ಧವಾಗಿಲ್ಲ. ಲಸಿಕೆಯಿಂದ ಆಟಿಸಂ ಬರುತ್ತದೆಂದು 1998ರಲ್ಲಿ ಲಂಡನ್ನಿನ 12 ಮಕ್ಕಳ ಲೇಖನವೊಂದು ಹುಯಿಲೆಬ್ಬಿಸಿತು. 2010ರಲ್ಲಿ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು; 2019ರಲ್ಲಿ ಡೆನ್ಮಾರ್ಕಿನ ಆರೂವರೆ ಲಕ್ಷ ಮಕ್ಕಳ ದಾಖಲೆಗಳಲ್ಲೂ ಅಂಥ ಸಂಬಂಧ ಕಾಣಲಿಲ್ಲ. ಸಿನಿಮಾ ಹರಡುವ ಭ್ರಮೆ ಬೇರೆ ಥರದ್ದು. 1988ರ 'ರೇನ್ ಮ್ಯಾನ್' ಚಿತ್ರ ನೋಡಿದವರು ಇಂಥ ಮಕ್ಕಳೆಲ್ಲ ಗಣಿತದ ಮಾಂತ್ರಿಕರು ಎಂದುಕೊಂಡರು. ಹಾಗಿರುವವರು ಕೆಲವೇ ಮಂದಿ. ಉಳಿದವರಿಂದ ಪವಾಡ ಬಯಸುವುದು ಅನ್ಯಾಯ.

ಕ್ಯಾನರ್‌ನ 11 ಮಕ್ಕಳಲ್ಲಿ ಮೊದಲನೆಯವನ ಕತೆ ನಿಮಗೆ ಹಿಡಿಸಬಹುದು. ಹೆಸರು ಡೊನಾಲ್ಡ್ ಟ್ರಿಪ್ಲೆಟ್, 1933ರಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲಿ ಅವನನ್ನು ಒಂದು ಸಂಸ್ಥೆಗೆ ಸೇರಿಸಿ, ಆಮೇಲೆ ತಂದೆತಾಯಿ ಮನಸ್ಸು ತಡೆಯದೆ ಮನೆಗೆ ಕರೆತಂದರು. ಮುಂದೆ ಕೆಲಕಾಲ ಒಬ್ಬ ರೈತನ ಮನೆಯಲ್ಲಿ ಇರಿಸಿದರು. ಹುಡುಗನಿಗೆ ಅಳೆಯುವ ಹುಚ್ಚು, ಎಣಿಸುವ ಹುಚ್ಚು. ಬಿಡಿಸಲು ಹೋಗದೆ ಆ ರೈತ ಅವನ ಕೈಯಲ್ಲಿ ಬಾವಿಯ ಆಳ ಅಳೆಯಿಸಿದ. ಉಳುವಾಗ ಜೋಳದ ಸಾಲುಗಳನ್ನು ಎಣಿಸಲು ಹೇಳಿದ. ಎಣಿಸುತ್ತಲೇ ಹುಡುಗ ಉಳುವುದನ್ನು ಕಲಿತ. ಕ್ಯಾನರ್ ಅಲ್ಲಿಗೆ ಹೋಗಿ ನೋಡಿ ಮೆಚ್ಚಿ ಬರೆದಿದ್ದಾನೆ. ಡೊನಾಲ್ಡ್ ಕಾಲೇಜು ಓದಿ, ತನ್ನ ಊರಿನ ಬ್ಯಾಂಕಿನಲ್ಲೇ ದಶಕಗಳ ಕಾಲ ಕೆಲಸ ಮಾಡಿ, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನ ಮನೆಯವರಿಗೆ ಹಣಬಲವಿತ್ತು ಎಂಬುದನ್ನು ಮರೆಯುವಂತಿಲ್ಲ. ಆದರೆ ಆ ರೈತ ಓದಿದ ತಜ್ಞನಾಗಿರಲಿಲ್ಲ.

ನಿಮ್ಮ ತರಗತಿಯಲ್ಲಿ ಇಂಥ ಗೆಳೆಯನಿದ್ದರೆ ಅವನ ಕೈಯಾಡಿಸುವಿಕೆಯನ್ನು ಅಣಕಿಸಬೇಡಿ. 'ಕಣ್ಣಲ್ಲಿ ಕಣ್ಣಿಟ್ಟು ನೋಡು' ಎಂದು ಒತ್ತಾಯಿಸಬೇಡಿ. ಬಸ್ಸುಗಳ ನಂಬರೇ ಅವನಿಗೆ ಇಷ್ಟವಾದರೆ ಬಸ್ಸುಗಳ ಬಗ್ಗೆಯೇ ಮಾತಾಡಿ. ಊಟದ ಬಿಡುವಿನಲ್ಲಿ ಅವನ ಪಕ್ಕದಲ್ಲಿ ಒಬ್ಬರಾದರೂ ಕೂತುಕೊಳ್ಳಿ. ಮನೆಯಲ್ಲೇ ಇಂಥ ತಮ್ಮನೋ ತಂಗಿಯೋ ಇದ್ದು, ಎಲ್ಲರ ಗಮನ ಅತ್ತ ಹೋಗಿ ನಿಮಗೆ ಸಿಟ್ಟು ಬಂದರೆ ಅದು ಪಾಪವಲ್ಲ. ಅಮ್ಮನಿಗಲ್ಲದಿದ್ದರೆ ನಂಬುವ ಶಿಕ್ಷಕರಿಗೆ ಹೇಳಿಕೊಳ್ಳಿ.

ಅಮ್ಮನ ನಿದ್ದೆಯನ್ನೂ ಗಮನಿಸಿ. ರಾತ್ರಿಯಿಡೀ ಎಚ್ಚರವಿರುವ ಮಗುವಿನ ತಾಯಿ ಬೆಳಗಿನ ಪಾಳಿಗೆ ಹೋಗುತ್ತಾಳೆ. ವಾರಕ್ಕೆ ಎರಡು ಸಂಜೆ ನೀವು ಮಗುವನ್ನು ನೋಡಿಕೊಂಡರೆ ಅವಳು ಒಂದು ಗಂಟೆ ಮಲಗಬಹುದು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯಿದೆ. ಸಂಖ್ಯೆ 14416. ಹಗಲಾಗಲಿ ರಾತ್ರಿಯಾಗಲಿ ಕನ್ನಡದಲ್ಲೇ ಮಾತನಾಡಬಹುದು. ದಣಿದ ತಾಯಿ ತನಗಾಗಿಯೂ ಕರೆ ಮಾಡಬಹುದು, ಮಗುವನ್ನು ಎಲ್ಲಿಗೆ ಕರೆದೊಯ್ಯಬೇಕೆಂದೂ ಕೇಳಬಹುದು. ಆ ಸಂಖ್ಯೆಯನ್ನು ತಾಯಿ ಕಾರ್ಡಿನ ಹಿಂಬದಿಯಲ್ಲಿ ದೊಡ್ಡದಾಗಿ ಬರೆದಿಡಿ.